ಊರೂರು ಸುತ್ತಿ ಬಂದವರ ಊರಿನಲ್ಲಿ ಎರಡು ದಿನ

ಉಡುಪಿ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ, ಹೇಳಿ ನೋಡೋಣ? ಕನಕನ ಕಿಂಡಿ, ಅಷ್ಟ ಮಠಗಳು, ರಥಬೀದಿ, ಬಾಳೆಎಲೆಯ ಊಟ, ಗರಿಗರಿ ಮಸಾಲೆ ದೋಸೆ, ಮಕ್ಕಳಿಗೆ ಮಲ್ಪೆಯ ಸಮುದ್ರ. ಅಷ್ಟಾದರೆ ಯಾತ್ರೆ ಮುಗಿಯಿತು ಅಂತ ನಾವೆಲ್ಲ ಚೀಲ ಕಟ್ಟುತ್ತೇವೆ. ತಪ್ಪೇನೂ ಇಲ್ಲ, ದೇವರ ದರ್ಶನಕ್ಕಿಂತ ದೊಡ್ಡದು ಯಾವುದಿದೆ! ಆದರೆ ಇನ್ನೊಂದು ದಿನ ಕೈಯಲ್ಲಿದ್ದರೆ ನಾನು ಹೇಳುವ ದಾರಿಯಲ್ಲಿ ಒಮ್ಮೆ ಹೋಗಿಬನ್ನಿ. ಕಾಪುವಿನಿಂದ ಉಡುಪಿ, ಉಡುಪಿಯಿಂದ ಮಣಿಪಾಲ, ಅಲ್ಲಿಂದ ಕಾರ್ಕಳ. ಎಲ್ಲ ಸೇರಿಸಿದರೂ ಅರವತ್ತು ಕಿಲೋಮೀಟರಿನ ಒಳಗೇ. ಖಾಸಗಿ ಬಸ್ಸುಗಳು ಒಂದರ ಹಿಂದೊಂದು ಓಡುತ್ತಿರುತ್ತವೆ, ಕಾರು ಬೇಕೆಂದೇನೂ ಇಲ್ಲ.

ಈ ನಾಲ್ಕು ಊರುಗಳನ್ನೇ ಯಾಕೆ ಆರಿಸಿದೆ ಅಂತೀರಾ? ನನ್ನ ತವರು ಆ ಕಡೆ. ಮದುವೆಯಾಗಿ ಘಟ್ಟದ ಮೇಲಿನ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಆ ನೆಲದ ಒಂದು ವಿಶೇಷ ನನಗೆ ದೂರ ಬಂದ ಮೇಲೆಯೇ ಚೆನ್ನಾಗಿ ಕಾಣಿಸಿತು. ಅಲ್ಲಿನವರಿಗೆ ಮೊದಲಿನಿಂದಲೂ ಕಾಲಿಗೆ ಚಕ್ರ. ಏಳುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ನಡೆದುಕೊಂಡೇ ಬದರಿಗೆ ಹೋಗಿ ಬಂದರು. ಆಮೇಲೆ ಹೋಟೆಲಿನವರು ಮದರಾಸು, ಮುಂಬಯಿ ಎಂದು ಹೊರಟರು. ಈಗ ದುಬೈ, ಮಸ್ಕತ್ತು, ಅಮೆರಿಕ. ಹೋದವರು ಹಣ ಕಳಿಸುತ್ತಾರೆ, ಮನೆ ಕಟ್ಟಿಸುತ್ತಾರೆ, ದೈವಸ್ಥಾನ ಜೀರ್ಣೋದ್ಧಾರ ಮಾಡಿಸುತ್ತಾರೆ. ಕೆಲವರು ಮಾತ್ರ ಬೇರೆಯೇ ಒಂದು ವಸ್ತು ಹೊತ್ತು ತಂದರು. ಅಂಥವರ ಮಾತನ್ನೇ ನಿಮಗೆ ಹೇಳಬೇಕೆಂದಿದ್ದೇನೆ.

ಕಾಪುವಿನ ಕಡಲು, ಮಜೂರಿನ ಮೇಷ್ಟ್ರು

ಉಡುಪಿಯಿಂದ ಮಂಗಳೂರಿನ ಕಡೆಗೆ ಸುಮಾರು 13 ಕಿಲೋಮೀಟರ್ ಬಂದರೆ ಕಾಪು. ಮೊದಲು ಮಾರಿಯಮ್ಮನಿಗೆ ಕೈಮುಗಿಯಿರಿ. ಇಲ್ಲಿ ಒಂದಲ್ಲ, ಮೂರು ಮಾರಿಗುಡಿಗಳು. ಹೊಸ ಮಾರಿಗುಡಿಯ ಜೀರ್ಣೋದ್ಧಾರ ಮುಗಿದು 2025ರಲ್ಲಿ ಬ್ರಹ್ಮಕಲಶೋತ್ಸವ ನಡೆಯಿತು. ಬಿಸಿಲು ಇಳಿದ ಮೇಲೆ ಕಡಲ ತಡಿಗೆ ಹೋಗಿ. ಬಂಡೆಯ ಮೇಲೆ ನಿಂತಿರುವ ದೀಪಸ್ತಂಭ 1901ರದು. ಒಳಗಿನ ಮೆಟ್ಟಿಲು ಹತ್ತಿ ಮೇಲೆ ನಿಂತರೆ ಒಂದು ಕಡೆ ನೀಲಿ ನೀರು, ಇನ್ನೊಂದು ಕಡೆ ತೆಂಗಿನ ತಲೆಗಳು. ನೋಡಿದಷ್ಟೂ ಕಣ್ಣಿಗೆ ತಂಪು. ಮಕ್ಕಳ ಕೈ ಬಿಡಬೇಡಿ, ಬಂಡೆಯ ಹತ್ತಿರ ಅಲೆಗೆ ರಭಸ ಹೆಚ್ಚು.

ಕಾಪುವಿನಿಂದ ಒಳನಾಡಿಗೆ, ಶಿರ್ವದ ಕಡೆಗೆ ಹೋಗುವ ರಸ್ತೆಯಲ್ಲಿ ತೋಟ, ಗದ್ದೆ, ಮಲ್ಲಿಗೆ. ಶಂಕರಪುರ ಮಲ್ಲಿಗೆಯ ಹೆಸರು ಕೇಳಿದ್ದೀರಲ್ಲ, ಅದು ಇದೇ ಸುತ್ತಮುತ್ತಲಿನದು. ಮನೆಯಂಗಳದ ಗಿಡಗಳಿಂದ ಬೆಳಗಿನ ಜಾವವೇ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟುತ್ತಾರೆ. ಕಟ್ಟುವವರು ಹೆಚ್ಚಾಗಿ ನಮ್ಮಂಥ ಹೆಂಗಸರೇ. ಅದರ ಲೆಕ್ಕವೇ ಬೇರೆ. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಮೊಳದ ಲೆಕ್ಕದಲ್ಲಿ ಹೂ ಕೊಳ್ಳುವ ನಮಗೆ ಅಟ್ಟೆ ಎಂದರೆ ತಬ್ಬಿಬ್ಬು. ಈ ಹೂವೂ ಊರಲ್ಲೇ ಉಳಿಯುವುದಲ್ಲ, ಮುಂಬಯಿಗೆ, ಕೊಲ್ಲಿ ದೇಶಗಳಿಗೆ ಹೋಗುತ್ತದೆ.

ಇದೇ ದಾರಿಯಲ್ಲಿ ಮಜೂರು ಎಂಬ ಹಳ್ಳಿ. ಡಾ. ಯು.ಪಿ. ಉಪಾಧ್ಯಾಯರು 1932ರಲ್ಲಿ ಹುಟ್ಟಿದ್ದು ಇಲ್ಲಿ. ಹೆಸರು ಕೇಳಿಲ್ಲವೇ? ಸಿನಿಮಾದವರ ಹೆಸರು ನಮಗೆ ಗೊತ್ತಿರುವಷ್ಟು ಇಂಥವರದ್ದು ಗೊತ್ತಿರುವುದಿಲ್ಲ, ಬಿಡಿ. ಇವರು ಸಂಸ್ಕೃತ, ಕನ್ನಡ ಓದಿ, ಭಾಷಾವಿಜ್ಞಾನದಲ್ಲಿ ಪಂಡಿತರಾದರು. ಮೈಸೂರಿನ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಇದ್ದರು. ಬೇರೆ ರಾಜ್ಯಗಳ ಶಾಲಾ ಮೇಷ್ಟ್ರುಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸುವ ಸಂಸ್ಥೆ ಅದು. ಕನ್ನಡ ಬಾರದವರು ಮಾತಾಡಲು ಕಲಿಯಲಿ ಎಂದು ಇವರು ಇನ್ನೊಬ್ಬರ ಜೊತೆ ಸೇರಿ ಪಾಠಪುಸ್ತಕವನ್ನೂ ಬರೆದರು.

ಅಲ್ಲಿಂದ ಅವರು ಹೋದದ್ದು ಎಲ್ಲಿಗೆ ಗೊತ್ತೇ? ಆಫ್ರಿಕಾ ಖಂಡದ ಪಶ್ಚಿಮದ ತುದಿಯಲ್ಲಿರುವ ಸೆನೆಗಾಲ್ ದೇಶಕ್ಕೆ. ಅಲ್ಲಿನ ಆಡಳಿತ ಭಾಷೆ ಫ್ರೆಂಚ್, ಜನರ ಬಾಯಲ್ಲಿ ವೊಲೊಫ್ ಮೊದಲಾದ ನುಡಿಗಳು. ಆಗ ಆ ದೇಶದ ಅಧ್ಯಕ್ಷರಾಗಿದ್ದವರು ಸೆಂಗೋರ್. ಅವರು ಸ್ವತಃ ಕವಿ. ನಮ್ಮ ದಕ್ಷಿಣ ಭಾರತದ ಭಾಷೆಗಳಿಗೂ ಅವರ ನುಡಿಗಳಿಗೂ ಬಹಳ ಹಿಂದಿನ ನಂಟೇನಾದರೂ ಇದೆಯೇ ಎಂದು ತಿಳಿಯುವ ಆಸಕ್ತಿ ಅವರಿಗಿತ್ತು. ರಾಜಧಾನಿ ಡಾಕರ್‌ನ ವಿಶ್ವವಿದ್ಯಾನಿಲಯದಲ್ಲಿ ಉಪಾಧ್ಯಾಯರು ಕೆಲಸ ಮಾಡಿದರು. ಅವರ ಪತ್ನಿ ಡಾ. ಸುಶೀಲಾ ಉಪಾಧ್ಯಾಯರೂ ಭಾಷಾವಿಜ್ಞಾನಿ. ಗಂಡಹೆಂಡತಿ ಇಬ್ಬರೂ ಸೇರಿ ಈ ನಂಟಿನ ಬಗ್ಗೆ 1976ರಲ್ಲಿ ಫ್ರೆಂಚ್ ಭಾಷೆಯಲ್ಲಿ ಲೇಖನ ಪ್ರಕಟಿಸಿದರು. ಅವರ ಅಭಿಪ್ರಾಯವನ್ನು ಎಲ್ಲ ಪಂಡಿತರೂ ಒಪ್ಪಿಲ್ಲ, ಅದು ಬೇರೆ ಮಾತು. ಮಜೂರಿನ ಗದ್ದೆಯ ಹುಣಿಯಲ್ಲಿ ಓಡಾಡಿದ ಹುಡುಗ ಅಷ್ಟು ದೂರ ಹೋಗಿ ಫ್ರೆಂಚ್‌ನಲ್ಲಿ ಬರೆದರಲ್ಲ, ಅದೇ ನನಗೆ ಆಶ್ಚರ್ಯ.

ಇಷ್ಟು ಸುತ್ತಿದವರು ಆಮೇಲೆ ಎಲ್ಲಿ ನಿಂತರು? ಅದನ್ನು ತಿಳಿಯಲು ಉಡುಪಿಗೆ ಬರಬೇಕು.

ಉಡುಪಿಯಲ್ಲಿ ಮಾತಿನ ಕಣಜ

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ರಸ್ತೆಯಲ್ಲಿ ಎಂ.ಜಿ.ಎಂ. ಕಾಲೇಜು ಇದೆ. 1949ರಲ್ಲಿ ಶುರುವಾದದ್ದು. ಅರ್ಥಶಾಸ್ತ್ರದ ಅಧ್ಯಾಪಕರಾಗಿ ಬಂದು ಪ್ರಿನ್ಸಿಪಾಲರಾದ ಕು.ಶಿ. ಹರಿದಾಸ ಭಟ್ಟರು ಈ ಕಾಲೇಜಿನ ಆವರಣವನ್ನು ಊರಿನ ಕಲೆ, ಮಾತುಗಳ ಮನೆಯನ್ನಾಗಿ ಮಾಡಿದರು. ಯಕ್ಷಗಾನವನ್ನು ಹೊರದೇಶದ ವೇದಿಕೆಗಳಿಗೆ ಮುಟ್ಟಿಸಿದವರಲ್ಲಿ ಅವರೂ ಒಬ್ಬರು. ಇಲ್ಲಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ 1979ರಲ್ಲಿ ತುಳು ನಿಘಂಟಿನ ಕೆಲಸ ಶುರುವಾಯಿತು. ಅದರ ಪ್ರಧಾನ ಸಂಪಾದಕರಾಗಿ ಬಂದವರು ಉಪಾಧ್ಯಾಯರು. ಸುಶೀಲಾ ಅವರೂ ಜೊತೆಗೆ ದುಡಿದರು.

ತುಳುವಿಗೆ ನಿಘಂಟು ಇರಲೇ ಇಲ್ಲ ಅಂತಲ್ಲ. 1886ರಲ್ಲಿ ಬಾಸೆಲ್ ಮಿಷನ್ನಿನ ಮ್ಯಾನರ್ ಎಂಬ ಪಾದ್ರಿ ಮಂಗಳೂರಿನಲ್ಲಿ ಒಂದನ್ನು ಅಚ್ಚು ಹಾಕಿಸಿದ್ದರು. ಹಡಗು ಹತ್ತಿ ಬಂದ ಪರದೇಶಿ ಮನುಷ್ಯ ನಮ್ಮ ಮಾತನ್ನು ಬರೆದಿಟ್ಟರು, ನೋಡಿ! ಆದರೆ ನೂರು ವರ್ಷ ಕಳೆದಿತ್ತು, ಒಳನಾಡಿನ ಎಷ್ಟೋ ಪದಗಳು ಅದರಲ್ಲಿ ಇರಲಿಲ್ಲ. ಆದ್ದರಿಂದ ಹೊಸ ನಿಘಂಟಿನವರು ಊರೂರು ಸುತ್ತಿದರು. ಒಂದೇ ಪದವನ್ನು ಬೇರೆ ಬೇರೆ ಸೀಮೆಯಲ್ಲಿ, ಬೇರೆ ಬೇರೆ ಜನ ಹೇಗೆ ಆಡುತ್ತಾರೆ ಎಂದು ಕೇಳಿ ಬರೆದುಕೊಂಡರು. ಸೊಪ್ಪಿಗೆ ಒಂದು ಕಡೆ ‘ತಪ್ಪು’ ಎಂದರೆ ಇನ್ನೊಂದು ಕಡೆ ‘ಸಪ್ಪು’. ನಾಟಿ ಮಾಡುತ್ತಾ ಹೆಂಗಸರು ಹಾಡುವ ಪಾಡ್ದನಗಳಲ್ಲಿದ್ದ ಹಳೆಯ ಪದಗಳೂ ಬಂದವು. 1988ರಲ್ಲಿ ಮೊದಲ ಸಂಪುಟ ಹೊರಬಂತು, 1997ಕ್ಕೆ ಆರನೆಯದು. ಹದಿನೆಂಟು ವರ್ಷದ ದುಡಿಮೆ! ಪದಗಳನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಕೊಟ್ಟು, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಅರ್ಥ ಬರೆದಿದ್ದಾರೆ.

ನಿಘಂಟು ಎಂದರೆ ಪಂಡಿತರ ಕಪಾಟಿನ ವಸ್ತು, ಒಗ್ಗರಣೆ ಹಾಕುವ ನಮಗೇನು ಅಂತ ನೀವು ಕೇಳಬಹುದು. ಸ್ವಲ್ಪ ತಾಳಿ. ಒಂದು ಹಲಸನ್ನೇ ತೆಗೆದುಕೊಳ್ಳಿ. ತುಳುವಿನಲ್ಲಿ ಎಳೆಯದಾಗಿದ್ದರೆ ‘ಗುಜ್ಜೆ’, ಅದರ ಪಲ್ಯ, ಸಾಂಬಾರು ಆಗುತ್ತದೆ. ಬಲಿತರೆ ‘ಪೆಲಕಾಯಿ’. ಒಳಗಿನ ತೊಳೆ ‘ಪಚ್ಚಿಲ್’. ಅದನ್ನು ಮಳೆಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಟ್ಟರೆ ‘ಉಪ್ಪಡ್ ಪಚ್ಚಿಲ್’. ಬೀಜ ‘ಪೆಲತ್ತರಿ’. ಬೀಜವನ್ನು ಉಪ್ಪು ಹಾಕಿ ಬೇಯಿಸಿ, ಬಿಸಿಲಿಗೆ ಹರಡಿ ಗಟ್ಟಿಯಾಗಿ ಒಣಗಿಸಿಟ್ಟರೆ ‘ಸಾಂತಾಣಿ’. ಆಟಿ ತಿಂಗಳ ಜಡಿಮಳೆಯಲ್ಲಿ ಅದನ್ನು ಬಾಯಲ್ಲಿಟ್ಟುಕೊಂಡು ಕೂತರೆ ಹೊತ್ತು ಹೋದದ್ದೇ ತಿಳಿಯದು. ಈಗ ಹೇಳಿ, ಈ ಪದಗಳನ್ನು ಇಷ್ಟು ಕಾಲ ಕಾಪಾಡಿದವರು ಯಾರು? ಪದವಿ ಪಡೆದವರೇ? ಅಡುಗೆಮನೆಯಲ್ಲಿ ಹೊಗೆ ಕುಡಿದ ಅಜ್ಜಿಯಂದಿರು, ಅಮ್ಮಂದಿರು.

ಇನ್ನೊಂದು ತಮಾಷೆ ಹೇಳುತ್ತೇನೆ. ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ! ನಾನು ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ಹೇಳಿದಾಗ ನನ್ನ ಅತ್ತೆಯವರು ನಕ್ಕು ನಕ್ಕು ಸುಸ್ತಾಗಿದ್ದರು.

ಸುಶೀಲಾ ಅವರ ಇನ್ನೊಂದು ಕೆಲಸವನ್ನು ನಾನು ವಿಶೇಷವಾಗಿ ಹೇಳಬೇಕು. ಕರಾವಳಿಯ ಬ್ಯಾರಿ ಮುಸಲ್ಮಾನರ ಮನೆಮಾತಾದ ಬ್ಯಾರಿ ಭಾಷೆಯನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದ ಮೊದಲಿಗರಲ್ಲಿ ಅವರು ಒಬ್ಬರು. ಪಕ್ಕದ ಮನೆಯವರ ಮಾತನ್ನು ಮರ್ಯಾದೆಯಿಂದ ಕೇಳಿ ಬರೆದಿಡುವುದೂ ಒಂದು ಸಮಾಜಸೇವೆ ಅಂತ ನನಗೆ ತೋರುತ್ತದೆ. ಸುಶೀಲಾ ಅವರು 2014ರಲ್ಲಿ, ಉಪಾಧ್ಯಾಯರು 2020ರಲ್ಲಿ ತೀರಿಕೊಂಡರು. ಆರು ಸಂಪುಟಗಳು ನಮಗೆ ಉಳಿದಿವೆ.

ಹೊರಗಿನಿಂದ ಬಂದ ಡಾಕ್ಟರಮ್ಮ

ಉಡುಪಿಯನ್ನು ಬಿಡುವ ಮುಂಚೆ ಇನ್ನೊಬ್ಬ ಹೆಣ್ಣುಮಗಳನ್ನು ನೆನೆಯದಿದ್ದರೆ ತಪ್ಪಾದೀತು. ಊರಿನವರು ‘ಮಿಷನ್ ಆಸ್ಪತ್ರೆ’ ಎಂದು ಕರೆಯುವ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ ಇರುವುದು ಈ ಊರಿನಲ್ಲೇ. ಸ್ವಿಟ್ಜರ್ಲೆಂಡಿನಿಂದ ಬಂದ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಅದನ್ನು ಶುರುಮಾಡಿದರು. ಆ ಕಾಲವನ್ನು ಒಮ್ಮೆ ಊಹಿಸಿಕೊಳ್ಳಿ. ಹೆರಿಗೆಯೆಂದರೆ ಮನೆಯ ಕತ್ತಲೆ ಕೋಣೆ, ಗಂಡು ಡಾಕ್ಟರ ಮುಂದೆ ಕಷ್ಟ ಹೇಳಿಕೊಳ್ಳಲು ನಾಚಿಕೆ. ಅಂಥಲ್ಲಿ ಹೆಂಗಸೊಬ್ಬಳು ಸಮುದ್ರ ದಾಟಿ ಬಂದು, ನಮ್ಮ ಮಾತು ಕಲಿತು, ನಾಡಿ ಹಿಡಿದಳು ಎಂದರೆ ಎಷ್ಟು ಮನೆಗಳಲ್ಲಿ ದೀಪ ಉಳಿದಿರಬೇಡ! ಇಲ್ಲಿ ದಾದಿಯರ ತರಬೇತಿಯೂ ನಡೆದುಬಂದಿದೆ. ಉಪಾಧ್ಯಾಯರು ಇಲ್ಲಿಂದ ಹೋಗಿ ಬಂದರು, ಈಕೆ ಅಲ್ಲಿಂದ ಇಲ್ಲಿಗೆ ಬಂದರು. ಹೋದಲ್ಲಿಯ ಜನರ ಮಾತಿಗೆ ಕಿವಿಗೊಟ್ಟದ್ದು ಇಬ್ಬರೂ.

ಬೋಳುಗುಡ್ಡದ ಮೇಲೆ ಮಣಿಪಾಲ

ಉಡುಪಿಯಿಂದ ಮಣಿಪಾಲಕ್ಕೆ 5 ಕಿಲೋಮೀಟರ್, ಎಲ್ಲ ಏರುದಾರಿ. ಈಗ ಅಲ್ಲಿ ಬಹುಮಹಡಿ ಕಟ್ಟಡ, ದೇಶವಿದೇಶದ ವಿದ್ಯಾರ್ಥಿಗಳು. ಒಂದು ಕಾಲಕ್ಕೆ ಅದು ಮುರಕಲ್ಲಿನ ಬೋಳುಗುಡ್ಡ. 1898ರಲ್ಲಿ ಕಲ್ಯಾಣಪುರದಲ್ಲಿ ಹುಟ್ಟಿದ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಇಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು. ನಾನು ಈಗಷ್ಟೇ ಹೇಳಿದ ಎಂ.ಜಿ.ಎಂ. ಕಾಲೇಜಿಗೂ ಅವರೇ ಮೂಲ.

ಗೃಹಿಣಿಯರಿಗೆ ಅವರ ಇನ್ನೊಂದು ಉಪಕಾರ ಹೆಚ್ಚು ಹತ್ತಿರದ್ದು. ಅವರೂ ಇನ್ನಿಬ್ಬರೂ ಸೇರಿ 1925ರಲ್ಲಿ ಉಡುಪಿಯಲ್ಲಿ ಹುಟ್ಟುಹಾಕಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆ ಬ್ಯಾಂಕು 1928ರಲ್ಲಿ ‘ಪಿಗ್ಮಿ’ ಎಂಬ ಉಳಿತಾಯ ಶುರುಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನವರೇ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಅಡಗಿಸಿಡುವ ನಮ್ಮ ಅಭ್ಯಾಸಕ್ಕೆ ಬ್ಯಾಂಕು ಮರ್ಯಾದೆ ಕೊಟ್ಟಂತಾಯಿತಲ್ಲವೇ? ಸಣ್ಣದನ್ನು ದಿನಾ ಕೂಡಿಡುವುದು ಆ ನೆಲದ ಗುಣ. ಪದಗಳನ್ನು ಕೂಡಿಟ್ಟದ್ದೂ ಹಾಗೆಯೇ.

ಮಣಿಪಾಲದಲ್ಲಿ ಹಸ್ತಶಿಲ್ಪ ಎಂಬ ಹಳೆಯ ಮನೆಗಳ ಗ್ರಾಮ ಇದೆ. ವಿಜಯನಾಥ ಶೆಣೈಯವರು (1934-2017) ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಕಂಬ, ಬಾಗಿಲುಗಳ ಸಹಿತ ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದರು. ಹೊರಡುವ ಮುಂಚೆ ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ವಿಚಾರಿಸಿಕೊಳ್ಳಿ.

ಕಾರ್ಕಳದ ಕಲ್ಲು ಜಪಾನಿಗೆ

ಮರುದಿನ ಬೆಳಿಗ್ಗೆ ಬೇಗ ಕಾರ್ಕಳದ ಬಸ್ಸು ಹಿಡಿಯಿರಿ. ದಾರಿಯಲ್ಲಿ ಹಿರಿಯಡ್ಕ ಸಿಗುತ್ತದೆ. ಮದ್ದಳೆಯ ಮಾಂತ್ರಿಕ ಹಿರಿಯಡ್ಕ ಗೋಪಾಲ ರಾಯರ ಊರು. ಅಮೆರಿಕದಿಂದ ಮಾರ್ತಾ ಆಶ್ಟನ್ ಎಂಬ ಹೆಣ್ಣುಮಗಳು ಯಕ್ಷಗಾನ ಕಲಿಯಲೆಂದು ಉಡುಪಿಗೆ ಬಂದು, ಗೆಜ್ಜೆ ಕಟ್ಟಿ ಕುಣಿದು, 1977ರಲ್ಲಿ ಅದರ ಮೇಲೆ ಇಂಗ್ಲಿಷ್ ಪುಸ್ತಕವನ್ನೇ ಹೊರತಂದರು. ಅವರಿಗೆ ಕಲಿಸಿದವರಲ್ಲಿ ಗೋಪಾಲ ರಾಯರೂ ಒಬ್ಬರು. ರಾಯರು ತಾವೂ ಅಮೆರಿಕಕ್ಕೆ ಹೋಗಿ ಬಂದರು. ನೂರು ವರ್ಷ ದಾಟಿ ಬದುಕಿ, 2020ರಲ್ಲಿ ತೀರಿಕೊಂಡರು.

ಕಾರ್ಕಳದಲ್ಲಿ ಗೊಮ್ಮಟನ ಬೆಟ್ಟವನ್ನು ಬಿಸಿಲೇರುವ ಮುಂಚೆ ಹತ್ತಿ. ಚಪ್ಪಲಿ ಬಿಟ್ಟ ಮೇಲೆ ಕಾದ ಬಂಡೆಯ ಮೇಲೆ ಕಾಲಿಡಲಾಗುವುದಿಲ್ಲ. 42 ಅಡಿಯ ಈ ಮೂರ್ತಿಯನ್ನು ವೀರಪಾಂಡ್ಯ ಅರಸ 1432ರಲ್ಲಿ ನಿಲ್ಲಿಸಿದ್ದು. ಎದುರಿಗೇ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ, 1586ರದು. ಇಷ್ಟನ್ನು ಎಲ್ಲ ಪ್ರವಾಸಿಗರೂ ನೋಡುತ್ತಾರೆ. ಎಲ್ಲರಿಗೂ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ.

ಜಪಾನ್ ದೇಶದ ನಾರಾ ಎಂಬಲ್ಲಿ ತ್ಸುಬೊಸಾಕ ಎಂಬ ಪುರಾತನ ಬೌದ್ಧ ದೇವಾಲಯವಿದೆ. ಕಣ್ಣಿನ ಕಾಯಿಲೆಯವರು ಹರಕೆ ಹೊತ್ತುಕೊಳ್ಳುವ ಜಾಗ. ಕಣ್ಣಿಲ್ಲದ ವೃದ್ಧರಿಗೆ ಆ ದೇವಾಲಯದವರು ಆಶ್ರಮವನ್ನೇ ಕಟ್ಟಿಸಿದ್ದಾರೆ. ಅವರು ನಮ್ಮ ದೇಶದ ಕುಷ್ಠರೋಗಿಗಳ ಸೇವೆಗೂ ವರ್ಷಗಟ್ಟಲೆ ನೆರವಾದರು. ಆ ಋಣಕ್ಕಾಗಿ ಭಾರತದಿಂದ ಅಲ್ಲಿಗೆ ಕರುಣೆಯ ದೇವತೆಯ ಕಲ್ಲಿನ ವಿಗ್ರಹವೊಂದು ಹೋಯಿತು. ಎತ್ತರ 20 ಮೀಟರ್, ಅಂದರೆ ನಮ್ಮ ಗೊಮ್ಮಟನಿಗಿಂತಲೂ ಇಪ್ಪತ್ತು ಅಡಿಗೂ ಮೇಲೆ! ಅದನ್ನು ಕೆತ್ತಿದ್ದು ಇದೇ ಕಾರ್ಕಳದಲ್ಲಿ. ತುಂಡು ತುಂಡಾಗಿ ಹಡಗಿನಲ್ಲಿ ಹೋಗಿ, 1983ರಲ್ಲಿ ಅಲ್ಲಿ ಪ್ರತಿಷ್ಠೆಯಾಯಿತು. ಕುಷ್ಠರೋಗಿಯ ಗಾಯಕ್ಕೆ ಬಟ್ಟೆ ಸುತ್ತಿದವರಿಗೆ ಕಾರ್ಕಳದ ಉಳಿಯ ಪೆಟ್ಟಿನಿಂದ ಕೃತಜ್ಞತೆ ಸಂದಿತು. ಗೊಮ್ಮಟನ ಪಾದದ ಬಳಿ ಕೂತು ಮಕ್ಕಳಿಗೆ ಈ ಕಥೆ ಹೇಳಿ. ರಾಜರ ಹೆಸರು ಮರೆತರೂ ಇದನ್ನು ಮರೆಯುವುದಿಲ್ಲ.

ಮನೆಗೆ ಬಂದ ಮೇಲೆ

ನಮ್ಮ ಮಕ್ಕಳು ಓದಿ ದೂರ ಹೋಗುವವರೇ. ತಡೆಯಬೇಕೆಂದು ನನಗೇನೂ ಅನ್ನಿಸುವುದಿಲ್ಲ. ಆದರೆ ಇತ್ತೀಚೆಗೆ ಮನೆಮನೆಯಲ್ಲೂ ಒಂದು ನೋಟ ಕಾಣುತ್ತಿದೆ, ನೀವೂ ಕಂಡಿರುತ್ತೀರಿ. ಊರಿನ ಅಜ್ಜಿ ಫೋನಿನಲ್ಲಿ ಮೊಮ್ಮಗುವಿನ ಮುಖ ನೋಡಿ ‘ಒಣಸ್ ಆಂಡಾ ಮಗಾ?’ ಅನ್ನುತ್ತಾಳೆ. ಊಟ ಆಯಿತೇ ಎಂದು ಕೇಳುವುದು. ಮಗು ಮಿಕಮಿಕ ನೋಡುತ್ತದೆ. ಮಧ್ಯೆ ಅಮ್ಮ ಕೂತು ಇಂಗ್ಲಿಷಿನಲ್ಲಿ ತಿಳಿಸಿಹೇಳಬೇಕು. ಅಷ್ಟು ಹತ್ತಿರದ ರಕ್ತ, ಮಾತಿಗೊಬ್ಬರು ಮಧ್ಯಸ್ಥರು! ಅಜ್ಜಿಗೆ ಆಗುವ ಸಂಕಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸೆನೆಗಾಲ್‌ವರೆಗೆ ಹೋಗಿ ಬಂದ ದೊಡ್ಡ ವಿದ್ವಾಂಸರೇ ಹಳ್ಳಿಯ ಹೆಂಗಸರನ್ನು ‘ಇದಕ್ಕೆ ನೀವು ಏನಂತೀರಿ?’ ಎಂದು ಕೇಳಿ ಕಲಿತರು. ಮನೆಯಲ್ಲೇ ಇರುವ ನಮಗೆ ಕೇಳಲು ಏನು ಕಷ್ಟ? ನಾನು ಮಾಡಿರುವುದು ಇಷ್ಟೇ. ನೂರು ಪುಟದ ಒಂದು ನೋಟುಪುಸ್ತಕ, ಅಡುಗೆಮನೆಯ ಶೆಲ್ಫಿನಲ್ಲಿ ಉಪ್ಪಿನ ಡಬ್ಬಿಯ ಪಕ್ಕ. ಅಮ್ಮನ ಜೊತೆ ಮಾತಾಡುವಾಗ ಹಳೆಯ ಪದ ಬಂದರೆ ಬರೆದುಕೊಳ್ಳುತ್ತೇನೆ. ಜೊತೆಗೆ ಅದರ ಅರ್ಥ, ಯಾವಾಗ ಬಳಸುತ್ತಿದ್ದರು ಎಂಬುದು. ನಿಮ್ಮ ಮನೆಮಾತು ತುಳುವೇ ಆಗಬೇಕೆಂದಿಲ್ಲ. ಕುಂದಗನ್ನಡ, ಹವ್ಯಕ, ಕೊಂಕಣಿ, ಬ್ಯಾರಿ, ಕೊಡವ, ಉತ್ತರ ಕರ್ನಾಟಕದ ಜವಾರಿ ಕನ್ನಡ, ಯಾವುದಾದರೂ ಸರಿ. ಪಾತ್ರೆಗಳ ಹೆಸರಿನಿಂದ ಶುರುಮಾಡಿ. ಆಮೇಲೆ ಸೊಪ್ಪು, ಹಬ್ಬದ ತಿಂಡಿ, ಬಾಣಂತಿ ಮದ್ದು, ಮಕ್ಕಳನ್ನು ಮುದ್ದು ಮಾಡುವ ಮಾತು, ಬೈಯುವ ಮಾತು. ಬೈಗುಳ ಬರೆಯಲು ನಾಚಬೇಡಿ, ಅದರಲ್ಲೇ ಸೊಗಸಾದ ಪದಗಳಿರುವುದು! ದಿನಕ್ಕೊಂದು ಪದ ಸಿಕ್ಕಿದರೂ ವರ್ಷಕ್ಕೆ ಮುನ್ನೂರು ದಾಟುತ್ತದೆ, ಪಿಗ್ಮಿಯ ಹಾಗೆ.

ಮುಂದಿನ ರಜೆಗೆ ಉಡುಪಿಯ ಕಡೆ ಹೊರಟರೆ ಆ ಪುಸ್ತಕವನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಕಾಪುವಿನಲ್ಲಿ ಮಲ್ಲಿಗೆ ಕಟ್ಟುವ ಅಕ್ಕನೊಡನೆ ಎರಡು ನಿಮಿಷ ಮಾತಾಡಿದರೆ ಚೆಂಡು, ಅಟ್ಟೆ ಎಂದು ಮೊದಲ ಎರಡು ಪದ ಸಿಕ್ಕೇ ಸಿಗುತ್ತವೆ.